ಕೊಳ್ಳೇಗಾಲ ಪ್ರದೇಶದ ಉತ್ಸವ ದೀಪಾಲಂಕಾರ

ಕೊಳ್ಳೇಗಾಲ ಪ್ರದೇಶದ ಉತ್ಸವ ದೀಪಾಲಂಕಾರವು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಜಾತ್ರೆ, ರಥೋತ್ಸವ, ಗಣೇಶೋತ್ಸವ ಮೊದಲಾದ ಸಂದರ್ಭಗಳಲ್ಲಿ ಬೆಳಕು, ಚಪ್ಪರ, ವೇದಿಕೆ ಮತ್ತು ಮೆರವಣಿಗೆಗಳನ್ನು ಜೋಡಿಸಿ ಊರಿನ ನಡುವಣ ಜಾಗವನ್ನು ಉತ್ಸವದ ಆವರಣವಾಗಿ ಮಾರ್ಪಡಿಸುವ ಕ್ರಮವಾಗಿದೆ. ಇಲ್ಲಿ ಜನರು ವೇದಿಕೆಯ ಮುಂದೆ ಕುಳಿತು ನೋಡುವ ಪ್ರೇಕ್ಷಕರಾಗಿ ಉಳಿಯದೆ, ದೃಶ್ಯದ ಒಳಗೇ ನಡೆದಾಡುವವರಾಗುತ್ತಾರೆ. ಪಂಜು, ಹಣತೆ ಮತ್ತು ಕೊಂಡದ ಬೆಂಕಿಯಿಂದ ಆರಂಭವಾದ ಈ ಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ದೀಪಗಳೂ, ಇತ್ತೀಚೆಗೆ ಎಲ್‌ಇಡಿ ಹಾಗೂ ಗಣಕ ನಿಯಂತ್ರಿತ ದೀಪಗಳೂ ಸೇರಿವೆ. ಈ ಭಾಗದ ಅಲಂಕಾರದ ಮೇಲೆ ಮೈಸೂರು ದಸರಾದ ಪ್ರಭಾವ ಕಂಡುಬರುತ್ತದೆ.

ಹಿನ್ನೆಲೆ

ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಳಿಕ ಮೈಸೂರು ಜಿಲ್ಲೆಯ ಭಾಗವಾಗಿ, 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿತು. ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದು, ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಯಳಂದೂರು ಹಳೆಯ ಮೈಸೂರು ಸಂಸ್ಥಾನದಲ್ಲಿದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿತ್ತು. ರೇಷ್ಮೆ ನೇಯ್ಗೆಗೆ ಹೆಸರಾದ ಕೊಳ್ಳೇಗಾಲ ಪಟ್ಟಣವು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಯಾತ್ರಿಕರ ಮುಖ್ಯ ದಾರಿಯಲ್ಲಿದೆ. ಯಳಂದೂರು ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಪಟ್ಟಣವಾಗಿದೆ.

ಈ ಮೂರೂ ತಾಲ್ಲೂಕುಗಳ ಉತ್ಸವಗಳಲ್ಲಿ ಮೌಖಿಕ ಪರಂಪರೆಗೆ ಪ್ರಧಾನ ಸ್ಥಾನವಿದೆ. ಮಹದೇಶ್ವರನ ಕಾವ್ಯವನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡುತ್ತಾರೆ. ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯ ಕಥೆಯನ್ನು ನೀಲಗಾರರು ಹಾಡುತ್ತಾರೆ. ಇವು ಬಹುಮಟ್ಟಿಗೆ ರಾತ್ರಿಯಿಡೀ ನಡೆಯುವ ಪ್ರದರ್ಶನಗಳಾದುದರಿಂದ ಬೆಳಕಿನ ವ್ಯವಸ್ಥೆಯು ಉತ್ಸವದ ಅವಿಭಾಜ್ಯ ಅಂಗವಾಗಿಯೇ ಬೆಳೆದುಬಂದಿದೆ.

ಸಾಂಪ್ರದಾಯಿಕ ಬೆಳಕಿನ ಉತ್ಸವಗಳು

ಚಿಕ್ಕಲ್ಲೂರಿನ ಚಂದ್ರಮಂಡಲ

ಚಿಕ್ಕಲ್ಲೂರು ಜಾತ್ರೆಯು ಸಿದ್ದಪ್ಪಾಜಿಯ ಗದ್ದುಗೆಯ ಆವರಣದಲ್ಲಿ ಪುಷ್ಯ ಮಾಸದ ಹುಣ್ಣಿಮೆಯಂದು ಆರಂಭವಾಗಿ ಐದು ದಿನ ನಡೆಯುತ್ತದೆ. ಮೊದಲ ರಾತ್ರಿಯ ಆಚರಣೆಯೇ ಚಂದ್ರಮಂಡಲೋತ್ಸವ. ಬಿದಿರಿನ ಕಡ್ಡಿಗಳನ್ನು ಕಟ್ಟಿ, ಬಟ್ಟೆಯನ್ನು ಸುತ್ತಿ ರೂಪಿಸಿದ ಆಕೃತಿಯನ್ನು ದೇವಾಲಯದ ಮುಂದೆ ನಿಲ್ಲಿಸಿ, ವಿಧಿಪೂರ್ವಕವಾಗಿ ಬೆಂಕಿ ಹಚ್ಚಲಾಗುತ್ತದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಈ ಆಚರಣೆಯ ನೇತೃತ್ವ ವಹಿಸುತ್ತಾರೆ. ಜ್ವಾಲೆಯು ಯಾವ ದಿಕ್ಕಿನಲ್ಲಿ ಪ್ರಖರವಾಗಿ ಉರಿಯುತ್ತದೆಯೋ ಆ ದಿಕ್ಕಿನ ಸೀಮೆಗೆ ಆ ವರ್ಷ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ಭಕ್ತರ ನಂಬಿಕೆ. ಮುಂದಿನ ದಿನಗಳಲ್ಲಿ ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ ಮತ್ತು ಮುತ್ತತ್ತಿರಾಯನ ಸೇವೆ ನಡೆಯುತ್ತವೆ.

ಬೆಳಕಿನ ವಿನ್ಯಾಸದ ದೃಷ್ಟಿಯಿಂದ ಚಂದ್ರಮಂಡಲವು ಗಮನಾರ್ಹವಾಗಿದೆ. ಇಲ್ಲಿ ಬೆಳಕಿನ ಮೂಲ ಒಂದೇ, ಅದು ಎತ್ತರದಲ್ಲಿದೆ, ಮತ್ತು ಅದನ್ನು ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ನೋಡಬಹುದು. ಯಾರಿಗೂ ಮುಂದಿನ ಸಾಲು, ಹಿಂದಿನ ಸಾಲು ಎಂಬ ಭೇದವಿಲ್ಲ. ಜ್ವಾಲೆಯ ದಿಕ್ಕಿಗೆ ಅರ್ಥವಿರುವುದರಿಂದ ಪ್ರತಿಯೊಂದು ಊರಿನ ರೈತನೂ ಅದನ್ನು ತನ್ನ ಹೊಲದ ಸಂಗತಿಯೆಂದು ನೋಡುತ್ತಾನೆ. ಹೀಗೆ ನೋಟವೇ ಪಾಲ್ಗೊಳ್ಳುವಿಕೆಯಾಗುತ್ತದೆ. ಈ ಪರಿಣಾಮಕ್ಕೆ ಸುತ್ತಲಿನ ಕತ್ತಲೆ ಅಗತ್ಯ. ಹತ್ತಿರದಲ್ಲಿ ಪ್ರಖರವಾದ ಹೊನಲು ದೀಪಗಳು ಉರಿಯುತ್ತಿದ್ದರೆ ಜ್ವಾಲೆಯು ಮಂಕಾಗಿ ಕಾಣುತ್ತದೆ.

ಮಲೆ ಮಹದೇಶ್ವರ ಬೆಟ್ಟ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಮಹಾಶಿವರಾತ್ರಿ, ಯುಗಾದಿ ಮತ್ತು ದೀಪಾವಳಿ ಜಾತ್ರೆಗಳು ದೊಡ್ಡ ಪ್ರಮಾಣದಲ್ಲಿ ನಡೆಯುತ್ತವೆ. ದೀಪಾವಳಿಯ ಸಂದರ್ಭದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದಿಂದ ನೀರು ತುಂಬಿದ ಕಲಶಗಳನ್ನು ಹೊತ್ತು ತರುವ ಹಾಲರವೆ ಉತ್ಸವ ಪ್ರಸಿದ್ಧವಾಗಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೀಪದಗಿರಿ ಒಡ್ಡಿನಲ್ಲಿ ಮಹಾಜ್ಯೋತಿಯನ್ನು ಬೆಳಗಿಸಲಾಗುತ್ತದೆ. ಅದರೊಂದಿಗೆ ತೆಪ್ಪೋತ್ಸವವೂ ನಡೆಯುತ್ತದೆ. ಎತ್ತರದಲ್ಲಿ ಉರಿಯುವ ಜ್ಯೋತಿಯು ದೂರದಿಂದ ಕಾಣುವ ಗುರುತು, ತೆಪ್ಪದ ದೀಪಗಳು ನೀರಿನಲ್ಲಿ ಇಮ್ಮಡಿಯಾಗಿ ಪ್ರತಿಫಲಿಸುವ ಹತ್ತಿರದ ನೋಟ. ದೂರ ಮತ್ತು ಸಮೀಪಗಳನ್ನು ಒಂದೇ ರಾತ್ರಿಯಲ್ಲಿ ಜೋಡಿಸುವ ಈ ಕ್ರಮವು ದೇವಾಲಯೋತ್ಸವಗಳ ಹಳೆಯ ಜಾಣ್ಮೆಯಾಗಿದೆ.

ಹನೂರಿನ ಮಾರಮ್ಮನ ಜಾತ್ರೆ

ಹನೂರು ಪಟ್ಟಣದ ಬೆಟ್ಟಳ್ಳಿ ಮಾರಮ್ಮನ ಜಾತ್ರೆಯು ಊರಿನ ಬೀದಿಗಳಲ್ಲೇ ನಡೆಯುವ ಉತ್ಸವವಾಗಿದೆ. ತಂಪುಜ್ಯೋತಿ, ಬಾಯಿಬೀಗ ಮತ್ತು ಕೊಂಡ ಇದರ ಮುಖ್ಯ ಆಚರಣೆಗಳು. ಜ್ಯೋತಿಯು ಚಲಿಸುವ ಬೆಳಕು. ಕೊಂಡವು ನೆಲಮಟ್ಟದ, ಸ್ಥಿರವಾದ, ಕೆಂಪು ಬೆಳಕು. ಮೆರವಣಿಗೆಯು ಜನರನ್ನು ಬೀದಿಯುದ್ದಕ್ಕೂ ಹರಡಿದರೆ, ಕೊಂಡವು ಅವರನ್ನು ಒಂದೆಡೆ ಸೇರಿಸುತ್ತದೆ.

ಯಳಂದೂರು ಮತ್ತು ಬಿಳಿಗಿರಿರಂಗನ ಬೆಟ್ಟ

ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಕ್ರಾಂತಿಯ ಸಮಯದಲ್ಲಿ ಚಿಕ್ಕಜಾತ್ರೆಯೂ ವೈಶಾಖ ಮಾಸದಲ್ಲಿ ದೊಡ್ಡಜಾತ್ರೆಯೂ ನಡೆಯುತ್ತವೆ. ಬೆಟ್ಟದ ಸೋಲಿಗರು ರೊಟ್ಟಿಹಬ್ಬದ ರಾತ್ರಿಯಲ್ಲಿ ಬೆಂಕಿಯ ಸುತ್ತ ಹಾಡಿ ಕುಣಿಯುತ್ತಾರೆ. ಯಳಂದೂರು ಪಟ್ಟಣದಲ್ಲಿ ಗೌರೀಶ್ವರ ದೇವಾಲಯ ಮತ್ತು ಅದರ ಮುಂದಿನ ಬಳೆಮಂಟಪವಿದೆ. ಕಲ್ಲಿನಲ್ಲಿ ಕೊರೆದ ಬಳೆಯಂತಹ ಸರಪಣಿಗಳಿಂದ ಮಂಟಪಕ್ಕೆ ಈ ಹೆಸರು ಬಂದಿದೆ. ಉಬ್ಬುಶಿಲ್ಪಗಳಿರುವ ಇಂತಹ ಕಟ್ಟಡಕ್ಕೆ ಎದುರಿನಿಂದ ಬೆಳಕು ಹಾಯಿಸಿದರೆ ನೆರಳುಗಳು ಅಳಿದು ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಯ ಬುಡದಿಂದ ಓರೆಯಾಗಿ ಬೆಳಕು ಹಾಯಿಸಿದರೆ ಪ್ರತಿಯೊಂದು ಉಬ್ಬಿನ ನೆರಳೂ ಉದ್ದವಾಗಿ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ.

ವಿದ್ಯುತ್ ದೀಪಗಳ ಆಗಮನ

ದಕ್ಷಿಣ ಕರ್ನಾಟಕದ ವಿದ್ಯುತ್ ದೀಪಾಲಂಕಾರದ ಇತಿಹಾಸವು ಕೊಳ್ಳೇಗಾಲದ ಸಮೀಪದ ಶಿವನಸಮುದ್ರದಿಂದಲೇ ಆರಂಭವಾಗುತ್ತದೆ. ಇಲ್ಲಿ ಕಾವೇರಿ ನದಿಯು ಕವಲೊಡೆದು ಗಗನಚುಕ್ಕಿ ಮತ್ತು ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುತ್ತದೆ. ಗಗನಚುಕ್ಕಿಯು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಡೆಗೂ, ಭರಚುಕ್ಕಿಯು ಕೊಳ್ಳೇಗಾಲದ ಕಡೆಗೂ ಇವೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಜಲವಿದ್ಯುತ್ ಯೋಜನೆಯು 1902ರಲ್ಲಿ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಇದೇ ವಿದ್ಯುತ್ತಿನಿಂದ ದೀಪಗಳು ಬೆಳಗಿದವು. ಮೈಸೂರು ನಗರಕ್ಕೂ ಅನಂತರ ವಿದ್ಯುತ್ ದೊರೆಯಿತು. ಹೀಗೆ ಮೈಸೂರು ಸಂಸ್ಥಾನದ ನಗರಗಳನ್ನು ಬೆಳಗಿಸಿದ ಕೇಂದ್ರದ ಪಕ್ಕದಲ್ಲೇ ಇದ್ದರೂ ಕೊಳ್ಳೇಗಾಲವು ಆಗ ಬೇರೊಂದು ಆಡಳಿತಕ್ಕೆ ಸೇರಿತ್ತು.

ಇತ್ತೀಚಿನ ದಶಕಗಳಲ್ಲಿ ಈ ಜಲಪಾತಗಳೇ ಬೆಳಕಿನ ಉತ್ಸವದ ವಸ್ತುವಾಗಿವೆ. ಗಗನಚುಕ್ಕಿ ಜಲಪಾತೋತ್ಸವದಲ್ಲಿ ಧುಮುಕುವ ನೀರಿನ ಮೇಲೆ ಬಣ್ಣದ ಬೆಳಕನ್ನು ಹಾಯಿಸಲಾಗುತ್ತದೆ. ನೊರೆಯೊಡೆದ ನೀರು ಬಿಳಿಯ ಪರದೆಯಂತೆ ಬೆಳಕನ್ನು ಚೆದುರಿಸುವುದರಿಂದ ಯಾವ ಬಣ್ಣವನ್ನಾದರೂ ಅದು ಸುಲಭವಾಗಿ ತಳೆಯುತ್ತದೆ. ತಿಳಿಯಾದ, ನಿಂತ ನೀರಿಗೆ ಈ ಗುಣವಿಲ್ಲ. ಅದು ಕನ್ನಡಿಯಂತೆ ಪ್ರತಿಫಲಿಸುತ್ತದೆ.

ಪ್ರಭಾವ ಬೀರಿದ ಮಾದರಿಗಳು

ಮೈಸೂರು ದಸರಾ

ಮೈಸೂರಿನ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಲಾದ ಇಂದಿನ ಅರಮನೆಯು 1912ರಲ್ಲಿ ಪೂರ್ಣಗೊಂಡಿತು. ಅರಮನೆಯ ಕಮಾನು, ಗೋಪುರ ಮತ್ತು ಅಂಚುಗಳ ಉದ್ದಕ್ಕೂ ಜೋಡಿಸಿದ ಸುಮಾರು ಒಂದು ಲಕ್ಷ ಬಲ್ಬುಗಳು ಕಟ್ಟಡದ ರೇಖಾಚಿತ್ರವನ್ನೇ ಕತ್ತಲೆಯಲ್ಲಿ ಬರೆಯುತ್ತವೆ. ಗೋಡೆಯ ಮೇಲೆ ಬೆಳಕು ಹಾಯಿಸುವ ಬದಲು ಅಂಚುಗಳನ್ನು ಚುಕ್ಕೆಗಳಿಂದ ಗುರುತಿಸುವ ಈ ವಿಧಾನವನ್ನು ಹಳೆಯ ಮೈಸೂರು ಭಾಗದ ದೇವಾಲಯ, ಶಾಲೆ, ಕಚೇರಿ ಕಟ್ಟಡಗಳಲ್ಲೂ ಕಾಣಬಹುದು.

ದಸರಾ ಅವಧಿಯಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಮೈಸೂರಿನಲ್ಲಿ 100 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳಿಗೆ ದೀಪಾಲಂಕಾರ ಮಾಡುತ್ತದೆ. 2024ರ ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ಡ್ರೋನ್ ಪ್ರದರ್ಶನವನ್ನೂ ಏರ್ಪಡಿಸಿತ್ತು. ಇದೇ ನಿಗಮವು ಚಾಮರಾಜನಗರ ಜಿಲ್ಲೆಗೂ ವಿದ್ಯುತ್ ಪೂರೈಸುತ್ತದೆ. ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದ ಆವರಣದಲ್ಲಿಯೂ ದಸರಾ ಸಾಂಸ್ಕೃತಿಕ ಕಾರ್ಯಕ್ರಮಗಳು ನಡೆಯುತ್ತವೆ. ಅಲ್ಲಿ ಬೆಳಗಿದ ಗೋಪುರವೇ ವೇದಿಕೆಗೆ ಹಿನ್ನೆಲೆಯಾಗುತ್ತದೆ.

ಮಡಿಕೇರಿಯ ದಶಮಂಟಪ

ಮಡಿಕೇರಿ ದಸರಾದಲ್ಲಿ ಹತ್ತು ದೇವಾಲಯಗಳ ಮಂಟಪಗಳು ವಿಜಯದಶಮಿಯ ರಾತ್ರಿ ಊರಿನ ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತವೆ. ಟ್ರ್ಯಾಕ್ಟರ್‌ಗಳ ಮೇಲೆ ಕಟ್ಟಿದ ಈ ಮಂಟಪಗಳಲ್ಲಿ ಪುರಾಣ ಕಥೆಗಳನ್ನು ಚಲಿಸುವ ಬೊಂಬೆಗಳು, ಬಣ್ಣದ ಬೆಳಕು, ಹೊಗೆ ಮತ್ತು ಧ್ವನಿಯ ಮೂಲಕ ತೋರಿಸಲಾಗುತ್ತದೆ. ಇಲ್ಲಿ ಜನರು ನಿಂತಿರುತ್ತಾರೆ, ವೇದಿಕೆಯೇ ಅವರ ಬಳಿಗೆ ಬರುತ್ತದೆ.

ರಂಗಭೂಮಿಯ ಕೊಡುಗೆ

ಕಂಪನಿ ನಾಟಕಗಳ ಕಾಲದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತ್ತು. 2010ರಲ್ಲಿ ಮೈಸೂರಿನ ರಂಗಾಯಣವು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಬಯಲಿನಲ್ಲಿ ಪ್ರದರ್ಶಿಸಿತು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಮತ್ತೊಂದಕ್ಕೆ ನಡೆದು ಹೋಗುತ್ತಿದ್ದರು. ಒಂದು ಕಡೆ ಬೆಳಕು ಆರಿ ಮತ್ತೊಂದು ಕಡೆ ಹತ್ತಿದಾಗ ಜನರು ತಾವಾಗಿಯೇ ಅತ್ತ ತಿರುಗುತ್ತಾರೆ ಎಂಬ ತತ್ತ್ವವನ್ನು ಇಂತಹ ಪ್ರಯೋಗಗಳು ಬಳಸಿಕೊಳ್ಳುತ್ತವೆ.

ವಿನ್ಯಾಸದ ತತ್ತ್ವಗಳು

ಪಟ್ಟಣದ ನಡುವೆ ನಡೆಯುವ ಉತ್ಸವದ ಬೆಳಕನ್ನು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಯೋಜಿಸಲಾಗುತ್ತದೆ.

ಬಾಗಿಲು: ಉತ್ಸವದ ಬೀದಿಯ ಆರಂಭದಲ್ಲಿ ಕಟ್ಟುವ ಸ್ವಾಗತ ಕಮಾನು, ತಳಿರು ತೋರಣ ಅಥವಾ ಬಾಳೆಕಂಬಗಳು ದಿನನಿತ್ಯದ ಬೀದಿಗೂ ಹಬ್ಬದ ಬೀದಿಗೂ ನಡುವೆ ಗಡಿ ಎಳೆಯುತ್ತವೆ. ಕಮಾನಿನ ಹೊರಗೆ ಬೆಳಕು ಕಡಿಮೆಯಿದ್ದಷ್ಟೂ ಒಳಗೆ ಕಾಲಿಟ್ಟ ಅನುಭವ ಗಾಢವಾಗುತ್ತದೆ.

ದಾರಿ: ಬೀದಿಯ ಎರಡೂ ಬದಿಗಳಲ್ಲಿ ಸಮಾನ ಅಂತರದಲ್ಲಿ ತೂಗುಬಿಟ್ಟ ದೀಪಗಳ ಸಾಲು ನಡೆಯುವವರನ್ನು ಮುಂದಕ್ಕೆ ಕರೆದೊಯ್ಯುತ್ತದೆ. ಕಿರಿದಾದ ಪೇಟೆ ಬೀದಿಗಳಲ್ಲಿ ಅಡ್ಡಲಾಗಿ ಕಟ್ಟಿದ ಸಾಲುಗಳು ಚಾವಣಿಯ ಭಾವವನ್ನು ಕೊಡುತ್ತವೆ.

ಕೇಂದ್ರ: ದೇವಾಲಯ, ತೇರು, ಕೊಂಡ ಅಥವಾ ವೇದಿಕೆ ಇಡೀ ಆವರಣದ ಅತ್ಯಂತ ಪ್ರಕಾಶಮಾನವಾದ ಸ್ಥಳವಾಗಿರಬೇಕು. ಅಂಗಡಿಗಳ ಮತ್ತು ಜಾಹೀರಾತು ಫಲಕಗಳ ಬೆಳಕು ಅದನ್ನು ಮೀರಿಸಿದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಚದುರುತ್ತದೆ.

ಕತ್ತಲೆ: ಬೆಳಕಿನಷ್ಟೇ ಕತ್ತಲೆಯೂ ವಿನ್ಯಾಸದ ಸಾಮಗ್ರಿಯಾಗಿದೆ. ಪ್ರಖರ ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು 20ರಿಂದ 30 ನಿಮಿಷ ಬೇಕಾಗುತ್ತದೆ. ಆದ್ದರಿಂದ ಹಣತೆಯ ಸಾಲು ಅಥವಾ ಪಂಜಿನ ಆಚರಣೆಗೆ ಮುನ್ನ ಸುತ್ತಲಿನ ದೀಪಗಳನ್ನು ಒಮ್ಮೆಲೇ ಆರಿಸದೆ ಹಂತಹಂತವಾಗಿ ಕುಗ್ಗಿಸುವುದು ಉತ್ತಮ ಕ್ರಮವಾಗಿದೆ. ಜನರು ನಡೆಯುವ ಮೆಟ್ಟಿಲು, ಚರಂಡಿ ಮತ್ತು ತಿರುವುಗಳಲ್ಲಿ ಮಾತ್ರ ನೆಲಮಟ್ಟದ ಸಣ್ಣ ದೀಪಗಳನ್ನು ಉಳಿಸಿಕೊಳ್ಳಲಾಗುತ್ತದೆ.

ಬಣ್ಣದ ಆಯ್ಕೆಯೂ ಮುಖ್ಯವಾಗಿದೆ. 2,700ರಿಂದ 3,000 ಕೆಲ್ವಿನ್ ವರ್ಣತಾಪವಿರುವ ಹಳದಿ ಮಿಶ್ರಿತ ಬೆಳಕು ಹಣತೆಯ ಬೆಳಕಿಗೆ ಹತ್ತಿರವಾಗಿದ್ದು ಕಲ್ಲು, ಮರ, ಹೂವು ಮತ್ತು ಮನುಷ್ಯರ ಮುಖಗಳಿಗೆ ಒಪ್ಪುತ್ತದೆ. 5,000 ಕೆಲ್ವಿನ್‌ಗೂ ಮೇಲಿನ ನೀಲಿ ಛಾಯೆಯ ಬಿಳಿ ಬೆಳಕು ವಾಹನ ನಿಲುಗಡೆ, ತುರ್ತು ಚಿಕಿತ್ಸೆಯ ಸ್ಥಳಗಳಿಗೆ ಸೂಕ್ತವಾಗಿದೆ.

ಉಪಕರಣಗಳು

ಸೀರಿಯಲ್ ಸೆಟ್: ಸಣ್ಣ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದ ತಂತಿ. 6 ವೋಲ್ಟ್‌ನ ಬಲ್ಬುಗಳನ್ನು 230 ವೋಲ್ಟ್‌ನ ವಿದ್ಯುತ್ತಿಗೆ ನೇರವಾಗಿ ಜೋಡಿಸಲು ಒಂದು ಸಾಲಿಗೆ ಸುಮಾರು 38ರಿಂದ 40 ಬಲ್ಬುಗಳು ಬೇಕಾಗುತ್ತವೆ. ಒಂದು ಬಲ್ಬಿನ ತಂತು ಕಡಿದರೆ ಸಾಲಿನ ಎಲ್ಲ ಬಲ್ಬುಗಳೂ ಆರುವುದಕ್ಕೆ ಈ ಸರಣಿ ಜೋಡಣೆಯೇ ಕಾರಣ.

ಎಲ್‌ಇಡಿ ದೀಪಗಳು: 60 ವ್ಯಾಟ್‌ನ ತಂತುದೀಪ ಕೊಡುವಷ್ಟು ಬೆಳಕನ್ನು 8ರಿಂದ 9 ವ್ಯಾಟ್‌ನ ಎಲ್‌ಇಡಿ ಕೊಡಬಲ್ಲದು. ಇದರಿಂದ ಒಂದು ಸಣ್ಣ ಜನರೇಟರಿನಿಂದಲೇ ಇಡೀ ಬೀದಿಯನ್ನು ಬೆಳಗಿಸುವುದು ಸಾಧ್ಯವಾಗಿದೆ.

ದೀಪಚಿತ್ರಗಳು: ಮರದ ಅಥವಾ ಕಬ್ಬಿಣದ ಚೌಕಟ್ಟಿನ ಮೇಲೆ ಬಲ್ಬುಗಳನ್ನು ಜೋಡಿಸಿ ದೇವರು, ನವಿಲು, ಗೋಪುರ ಮೊದಲಾದ ಆಕೃತಿಗಳನ್ನು ರೂಪಿಸಲಾಗುತ್ತದೆ. ಬಲ್ಬುಗಳ ಗುಂಪುಗಳನ್ನು ಸರದಿಯಂತೆ ಹೊತ್ತಿಸಿ ಆರಿಸಿದಾಗ ಚಕ್ರ ತಿರುಗಿದಂತೆ, ನವಿಲು ಗರಿಗೆದರಿದಂತೆ ಕಾಣುತ್ತದೆ.

ವೇದಿಕೆಯ ದೀಪಗಳು: ವೇದಿಕೆಯ ಮುಂಭಾಗದ ಎರಡೂ ಬದಿಗಳಿಂದ ಓರೆಯಾಗಿ ಬೀಳುವ ಬೆಳಕು ಮುಖವನ್ನು ತೋರಿಸಿದರೆ, ಹಿಂದಿನಿಂದ ಬೀಳುವ ಬೆಳಕು ಕಲಾವಿದರನ್ನು ಹಿನ್ನೆಲೆಯಿಂದ ಬೇರ್ಪಡಿಸುತ್ತದೆ. ದೀಪದ ದೂರ ಇಮ್ಮಡಿಯಾದರೆ ಬೆಳಕಿನ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಲವು ದೀಪಗಳನ್ನು ಒಂದೇ ಕಡೆಯಿಂದ ನಿಯಂತ್ರಿಸಲು ಡಿಎಂಎಕ್ಸ್ 512 ಎಂಬ ಸಂಕೇತ ವ್ಯವಸ್ಥೆ ಬಳಕೆಯಲ್ಲಿದೆ. ಇದರ ಒಂದು ತಂತಿಯಲ್ಲಿ 512 ಮಾರ್ಗಗಳಿರುತ್ತವೆ.

ಕಂಸಾಳೆ ಕುಣಿತದಂತಹ ಕಲೆಗಳಿಗೆ ಎತ್ತರದ ವೇದಿಕೆಗಿಂತ ನೆಲಮಟ್ಟದ ವೃತ್ತಾಕಾರದ ರಂಗಸ್ಥಳ ಹೆಚ್ಚು ಹೊಂದುತ್ತದೆ. ಕಂಚಿನ ತಾಳಗಳು ತಲೆಯ ಮೇಲೆ, ಬೆನ್ನ ಹಿಂದೆ, ಕಾಲಿನ ಕೆಳಗೆ ಸುತ್ತುವುದರಿಂದ ಒಂದೇ ಕಡೆಯ ಬೆಳಕಿನಲ್ಲಿ ಅವುಗಳ ಹೊಳಪು ಅರ್ಧ ಮಾತ್ರ ಕಾಣುತ್ತದೆ.

ಸುರಕ್ಷತೆ

ತೇರು ಎಳೆಯುವ ಬೀದಿಗಳಲ್ಲಿ ವಿದ್ಯುತ್ ತಂತಿಗಳೇ ಅತಿ ದೊಡ್ಡ ಅಪಾಯ. 2022ರ ಏಪ್ರಿಲ್‌ನಲ್ಲಿ ತಮಿಳುನಾಡಿನ ತಂಜಾವೂರು ಸಮೀಪದ ಕಳಿಮೇಡುವಿನಲ್ಲಿ ಉತ್ಸವದ ತೇರು ಅಧಿಕ ಒತ್ತಡದ ತಂತಿಗೆ ತಗುಲಿ 11 ಜನರು ಮೃತಪಟ್ಟರು. ತೇರಿನ ಮೇಲೆ ಕಟ್ಟಿದ ದೀಪಾಲಂಕಾರವು ಅದರ ಎತ್ತರವನ್ನು ಹೆಚ್ಚಿಸುತ್ತದೆ ಎಂಬುದನ್ನು ಸಂಘಟಕರು ಮರೆಯಬಾರದು. ಆದ್ದರಿಂದ ತೇರಿನ ಒಟ್ಟು ಎತ್ತರವನ್ನು ಅಲಂಕಾರ ಮುಗಿದ ಮೇಲೆ ಅಳೆಯುವುದು, ದಾರಿಯ ತಂತಿಗಳನ್ನು ಮೊದಲೇ ಪರಿಶೀಲಿಸುವುದು ಹಾಗೂ ತೇರು ಸಾಗುವಾಗ ಆ ಬೀದಿಯ ವಿದ್ಯುತ್ ಸ್ಥಗಿತಗೊಳಿಸುವುದು ಅಗತ್ಯ. ಆ ಅವಧಿಯಲ್ಲಿ ಬೀದಿಯು ಕತ್ತಲಾಗುವುದರಿಂದ ಬ್ಯಾಟರಿ ದೀಪಗಳನ್ನು ಪ್ರತ್ಯೇಕವಾಗಿ ಸಿದ್ಧವಾಗಿಡಬೇಕು.

ತಾತ್ಕಾಲಿಕ ಸಂಪರ್ಕವನ್ನು ವಿದ್ಯುತ್ ನಿಗಮದ ಅನುಮತಿಯಿಂದ ಪಡೆಯಬೇಕು. ಬೀದಿಯ ಕಂಬಗಳಿಗೆ ಕೊಂಡಿ ಹಾಕಿ ವಿದ್ಯುತ್ ಪಡೆಯುವುದು ಅಪರಾಧವೂ ಅಪಾಯಕಾರಿಯೂ ಆಗಿದೆ. ಪ್ರತಿ ಮಂಡಳಿಗೂ 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ರಕ್ಷಣಾ ಸಾಧನ, ಸರಿಯಾದ ಭೂಸಂಪರ್ಕ ಮತ್ತು ಮಳೆಗೆ ನೆನೆಯದ ಜೋಡಣೆ ಇರಬೇಕು. ಲೋಹದ ಕಮಾನು ಮತ್ತು ಬೇಲಿಗಳಿಗೂ ಭೂಸಂಪರ್ಕ ಕೊಡಬೇಕು.

ಜನಸಂದಣಿಯ ನಿಯಂತ್ರಣದಲ್ಲೂ ಬೆಳಕಿನ ಪಾತ್ರವಿದೆ. ಗಾಬರಿಯಲ್ಲಿ ಜನರು ಬೆಳಕು ಕಾಣುವ ಕಡೆಗೆ ಸಾಗುವ ಸಂಭವ ಹೆಚ್ಚು. ಆದುದರಿಂದ ಹೊರದಾರಿಗಳಲ್ಲಿ ಮುಖ್ಯ ಸಂಪರ್ಕವನ್ನು ಅವಲಂಬಿಸದ ದೀಪಗಳಿರಬೇಕು. ಸ್ವಾಗತ ಕಮಾನಿನ ಕಂಬಗಳು ದಾರಿಯನ್ನು ಕಿರಿದಾಗಿಸಿ ಅಗ್ನಿಶಾಮಕ ವಾಹನ, ಆಂಬುಲೆನ್ಸ್‌ಗಳಿಗೆ ಅಡ್ಡಿಯಾಗಬಾರದು.

ಪರಿಸರ ಮತ್ತು ಚರ್ಚೆ

ಬಿಳಿಗಿರಿರಂಗನ ಬೆಟ್ಟದ ಅರಣ್ಯವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ, ಮಲೆ ಮಹದೇಶ್ವರ ಬೆಟ್ಟದ ಅರಣ್ಯವನ್ನು 2013ರಲ್ಲಿ ವನ್ಯಜೀವಿಧಾಮವೆಂದೂ ಘೋಷಿಸಲಾಯಿತು. ಈ ಎರಡೂ ಯಾತ್ರಾಸ್ಥಳಗಳು ಕಾಡಿನ ನಡುವೆ ಇರುವುದರಿಂದ ಪಟ್ಟಣದಲ್ಲಿ ಒಪ್ಪುವ ಅಲಂಕಾರವನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು. ಆಕಾಶಕ್ಕೆ ಹಾಯಿಸುವ ಬೆಳಕು ಮತ್ತು ರಾತ್ರಿಯಿಡೀ ಉರಿಯುವ ನೀಲಿ ಮಿಶ್ರಿತ ಬಿಳಿ ದೀಪಗಳು ಕೀಟಗಳು, ಬಾವಲಿಗಳು ಹಾಗೂ ನಿಶಾಚರ ಪ್ರಾಣಿಗಳ ಚಲನೆಗೆ ತೊಂದರೆ ಕೊಡುತ್ತವೆ. ಕೆಳಮುಖವಾದ, ಮರೆಯುಳ್ಳ, ಹಳದಿ ಬೆಳಕಿನ ದೀಪಗಳು ಹಾಗೂ ಉತ್ಸವ ಮುಗಿದೊಡನೆ ಆರಿಸುವ ಕ್ರಮ ಇದಕ್ಕೆ ಪರಿಹಾರವಾಗಿವೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ನೀಲಗಾರರದು ಧ್ವನಿವರ್ಧಕವಿಲ್ಲದೆ ತಂಬೂರಿ ಹಿಡಿದು ಹಾಡುವ ಪರಂಪರೆ. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದರೆ ಪಕ್ಕದ ವೇದಿಕೆಯ ಸದ್ದು ಕಡಿಮೆಯಿರಬೇಕು.

ಆಧುನಿಕ ಅಲಂಕಾರದ ಬಗೆಗಿನ ಮುಖ್ಯ ಪ್ರಶ್ನೆಯೆಂದರೆ ಅದು ಆಚರಣೆಯನ್ನು ಕಾಣಿಸುತ್ತದೆಯೋ ಮರೆಮಾಡುತ್ತದೆಯೋ ಎಂಬುದು. ಎಲ್ಲೆಡೆ ಒಂದೇ ಬಗೆಯ ಸಿದ್ಧ ದೀಪಗಳು ಬಳಕೆಯಾದಾಗ ಊರೂರಿನ ಉತ್ಸವಗಳ ಭೇದ ಅಳಿಯುತ್ತದೆ. ಚಂದ್ರಮಂಡಲದ ಜ್ವಾಲೆ, ಹನೂರಿನ ತಂಪುಜ್ಯೋತಿ, ದೀಪದಗಿರಿಯ ಮಹಾಜ್ಯೋತಿ ಇವು ತಮ್ಮದೇ ಆದ ಬೆಳಕನ್ನು ಹೊಂದಿವೆ. ಅವುಗಳಿಗೆ ಬೇಕಾದ ಕತ್ತಲೆಯನ್ನು ಕಾಯ್ದುಕೊಂಡು, ಜನರ ದಾರಿಗೆ ಬೇಕಾದ ಬೆಳಕನ್ನಷ್ಟೇ ಒದಗಿಸುವುದು ಈ ಪ್ರದೇಶದ ದೀಪಾಲಂಕಾರದ ಮುಂದಿರುವ ಕೆಲಸವಾಗಿದೆ.

ಇವನ್ನೂ ನೋಡಿ

ಚಿಕ್ಕಲ್ಲೂರು ಜಾತ್ರೆ
ಮಲೆ ಮಹದೇಶ್ವರ ಬೆಟ್ಟ
ಬಿಳಿಗಿರಿರಂಗನ ಬೆಟ್ಟ
ಶಿವನಸಮುದ್ರ
ಮೈಸೂರು ದಸರಾ
ಮಡಿಕೇರಿ ದಸರಾ
ಕಂಸಾಳೆ